ಸದರಿ ಮೂರು ಕೀಗಳ ಹೊಳಪನ್ನು ನಿವಾರಿಸುವ ಕುರಿತು

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುಗ ಮಹಾಶಯರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ದೊಡ್ಡಬಳ್ಳಾಪುರದ ಒಂದು ಸಣ್ಣ ಸಹಕಾರ ಸಂಘದಲ್ಲಿ ಗುಮಾಸ್ತೆ. ಹೆಸರು ಮಂಜುಳಾ. ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಸಂಘದಲ್ಲಿ ಯಾರೂ ಇಲ್ಲವೆಂಬುದು ಎಲ್ಲರೂ ಒಪ್ಪಿದ ವಿಚಾರ. ನಾನೂ ಒಪ್ಪಿದ್ದೆ. ನಿವೃತ್ತರಾದ ಕಾರ್ಯದರ್ಶಿಗಳು ಹೋಗುವಾಗ, ನಾನು ಪತ್ರ ವ್ಯವಹಾರದಲ್ಲಿ ಪಳಗಿದವಳೆಂದೂ, ಮುಖ್ಯ ಗುಮಾಸ್ತೆಯ ಹುದ್ದೆಗೆ ನಾನೇ ತಕ್ಕವಳೆಂದೂ ಶಿಫಾರಸು ಮಾಡಿದ್ದರು. ಹೊಸ ಕಾರ್ಯದರ್ಶಿಗಳಾದ ನಸ್ರೀನ್ ಮೇಡಂ ಸಹಿ ಹಾಕುವುದಷ್ಟೇ ಬಾಕಿ. ಆದ ಕಾರಣ ನಾನು ನಿಶ್ಚಿಂತೆಯಿಂದಿದ್ದೆ.

ಸದರಿ ನಿಶ್ಚಿಂತೆಯನ್ನು ಶುಕ್ರವಾರ ಸಂಜೆ ರದ್ದುಪಡಿಸಿದವನು ನಮ್ಮ ಅಟೆಂಡರ್ ಮುನಿರಾಜು.

"ಮಂಜಕ್ಕಾ, ಹೊಸ ಮೇಡಂ ಭಾರಿ ಖಡಕ್ಕಂತೆ! ಹಿಂದಿನ ಆಫೀಸ್ನಲ್ಲಿ ಕುರ್ಚಿ ಕೈ ಸವೆದಿರೋದು ನೋಡ್ಬಿಟ್ಟು, ಯಾರು ಕೆಲ್ಸ ಮಾಡ್ತಾರೆ, ಯಾರು ತೂಕಡಿಸ್ತಾರೆ ಅಂತ ಹೇಳ್ಬಿಟ್ರಂತೆ. ನಮ್ಮ ರಾಜಘಟ್ಟದಲ್ಲಿ ನೆಲ ಅಗೆದವ್ರು ಬರೀ ಇಟ್ಟಿಗೆ ನೋಡಿ ಹಳೇ ಕಾಲದ ಕಥೆಯೆಲ್ಲ ಹೇಳ್ಲಿಲ್ವಾ, ಹಂಗೆ. ಸೋಮವಾರ ನಿಮ್ಮ ಪಕ್ಕದಲ್ಲೇ ಕೂತು ಪತ್ರ ಬರೆಸ್ತಾರಂತೆ."

ನಾನು ನಕ್ಕೆ. ನಗುತ್ತಲೇ ಸಂಘದ ಲ್ಯಾಪ್‌ಟಾಪ್ ಮುಚ್ಚಲು ಹೋದೆ. ಆಗ ಕಿಟಕಿಯ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದಿತ್ತು. ಉಳಿದ ಕೀಗಳೆಲ್ಲ ಮಂಕಾಗಿದ್ದವು. ಮೂರು ಮಾತ್ರ ಎಣ್ಣೆ ಹಚ್ಚಿ ತಲೆ ಬಾಚಿಕೊಂಡವರಂತೆ ಮಿರಮಿರ ಮಿಂಚುತ್ತಿದ್ದವು. ಕಂಟ್ರೋಲ್, ಸಿ ಮತ್ತು ವಿ!

ಕಂಪ್ಯೂಟರ್ ಅರಿಯದವರ ಮಾಹಿತಿಗಾಗಿ: ಕಂಟ್ರೋಲ್ ಜೊತೆ ಸಿ ಒತ್ತಿದರೆ ಬರೆದದ್ದು ನಕಲಾಗುತ್ತದೆ. ವಿ ಒತ್ತಿದರೆ ಆ ನಕಲು ಬೇಕಾದಲ್ಲಿ ಬಂದು ಕೂರುತ್ತದೆ. ನನ್ನ ಪತ್ರಗಳೆಲ್ಲ ಹೀಗೆಯೇ ಜನಿಸಿದವು. ಹಳೆಯ ಪತ್ರಕ್ಕೆ ಹೊಸ ದಿನಾಂಕ ಹಾಕಿದರೆ ಹೊಸ ಪತ್ರ! ಕುರ್ಚಿಯ ಕೈ ನೋಡಿಯೇ ಜಾತಕ ಹೇಳುವ ಮೇಡಂ ಈ ಮೂರು ಕೀಗಳನ್ನು ನೋಡಿದರೆ? ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಮರೆಮಾಡಿ, ಕದ್ದ ಮಾಲಿನಂತೆ ಮನೆಗೆ ತಂದೆ.

ನಮ್ಮ ಯಜಮಾನರಾದ ನಾಗರಾಜು ಅವರಿಗೆ ಬೈಕ್‌ಗಳಿಗೆ ಬಣ್ಣ ಹೊಡೆಯುವ ಅಂಗಡಿಯಿದೆ. ವಿಷಯ ತಿಳಿದು ಅವರು ಬಿದ್ದು ಬಿದ್ದು ನಕ್ಕರು.

"ಲೇ, ಊರವ್ರೆಲ್ಲ ಶೈನಿಂಗ್ ಬರ್ಲಿ ಅಂತ ನನ್ನ ಹತ್ರ ಬರ್ತಾರೆ. ಶೈನಿಂಗ್ ಹೋಗ್ಲಿ ಅಂತ ಅಳ್ತಿರೋಳು ನೀನೊಬ್ಳೇ ಕಣೇ!"

"ತಮಾಷೆ ಬೇಡ ರೀ. ಸಿ ಒತ್ತಿದ್ರೆ 'ಚ' ಬರುತ್ತೆ, ವಿ ಒತ್ತಿದ್ರೆ 'ವ' ಬರುತ್ತೆ. ನಮ್ಮ ಪತ್ರಗಳಲ್ಲಿ ವಿಚಾರ, ವಿಚಾರಣೆ, ಸಚಿವ ಇವೇ ಜಾಸ್ತಿ, ಅದಕ್ಕೇ ಸವೆದಿದೆ ಅಂತ ಹೇಳ್ಬಿಡ್ಲಾ?"

"ಹೇಳು. ಕಂಟ್ರೋಲ್ ಒತ್ತಿದ್ರೆ ಏನ್ ಬರುತ್ತೆ?"

ಏನೂ ಬರುವುದಿಲ್ಲ. ಸದರಿ ಸಮಜಾಯಿಷಿಯನ್ನು ಅಲ್ಲಿಗೇ ಕೈಬಿಡಲಾಯಿತು.

ಶನಿವಾರ ಫೋನಿನಲ್ಲಿ ಹುಡುಕಿದೆ. ಬೆರಳಿನ ಜಿಡ್ಡು ಕೂತು ಹೊಳೆಯುತ್ತಿದ್ದರೆ ಒರೆಸಿದಾಗ ಹೋಗುತ್ತದೆಯಂತೆ. ಪ್ಲಾಸ್ಟಿಕ್ಕೇ ಸವೆದು ನುಣ್ಣಗಾಗಿದ್ದರೆ ಯಾವ ಮದ್ದೂ ಇಲ್ಲ, ಕೀಯನ್ನೇ ಬದಲಿಸಬೇಕಂತೆ. ನನ್ನದು ಜಿಡ್ಡೇ ಆಗಿರಲಿ ದೇವರೇ ಎಂದು ಬೇಡಿಕೊಂಡು, ಲ್ಯಾಪ್‌ಟಾಪ್ ಆಫ್ ಮಾಡಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿದೆ. ಜಿಡ್ಡು ಹೋಯಿತು. ಹೊಳಪು ಇನ್ನಷ್ಟು ಸ್ಪಷ್ಟವಾಗಿ ಕಾಣತೊಡಗಿತು!

ಹೊಳಪು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಅತ್ತೆಯವರು ಹುಣಸೆಹಣ್ಣು, ಉಪ್ಪು ಹಿಡಿದು ಬಂದರು.

"ತಿಕ್ಕು ಇದ್ರಲ್ಲಿ. ತಾಮ್ರದ ಚೊಂಬೇ ಫಳಫಳ ಅನ್ನುತ್ತೆ, ಇದ್ಯಾವ ಲೆಕ್ಕ!"

"ಅತ್ತೆ, ಇದು ಹೊಳೀಬಾರ್ದು!"

"ಹೊಳೀಬಾರ್ದಾ?"

ಅವರು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು.

ಆಗ ನನಗೊಂದು ಉಪಾಯ ಹೊಳೆಯಿತು. ಮುಖದ ಜಿಡ್ಡು ಮಿಂಚಿದರೆ ನಾವು ಏನು ಮಾಡುತ್ತೇವೆ? ಪೌಡರ್! ಮೂರು ಕೀಗಳಿಗೂ ಧಾರಾಳವಾಗಿ ಬಳಿದೆ. ಹೊಳಪು ಮಾಯ. ಆದರೆ ಪೌಡರ್ ಸಂದುಗಳಿಗೆ ಇಳಿದು, ಒತ್ತಿದ ಕೀ ಮೇಲೇಳದಾಯಿತು. ಲ್ಯಾಪ್‌ಟಾಪ್ ಮದುಮಗಳಂತೆ ಘಮಗುಟ್ಟುತ್ತಿತ್ತು. ಯಜಮಾನರು ಅಂಗಡಿಗೆ ಒಯ್ದು ಅದಕ್ಕೆ ಗಾಳಿ ಹೊಡೆದರು. ಪೌಡರಷ್ಟೂ ನನ್ನ ಮುಖಕ್ಕೆ ಬಂತು, ಹೊಳಪು ಇದ್ದಲ್ಲೇ ಉಳಿಯಿತು.

"ಅಳ್ಬೇಡ, ವಾಟರ್ ಪೇಪರ್ ಹಾಕಿ ಉಜ್ಜೋಣ. ಎಂಥಾ ಶೈನಿಂಗ್ ಇದ್ರೂ ಎದ್ದು ಹೋಗುತ್ತೆ" ಎಂದರು. ಅದು ಬಣ್ಣ ಹೊಡೆಯುವ ಮುಂಚೆ ಟ್ಯಾಂಕ್ ತಿಕ್ಕುವ ಉಪ್ಪುಕಾಗದ. ಮೆಲ್ಲಗೆ ಉಜ್ಜಿದರು. ಅವರ ಮಾತಿನಂತೆಯೇ ಶೈನಿಂಗ್ ಎದ್ದು ಹೋಯಿತು. ಜೊತೆಗೆ ಅಕ್ಷರಗಳೂ ಎದ್ದು ಹೋದವು!

ಈಗ ಕೀಬೋರ್ಡಿನಲ್ಲಿ ಮೂರೇ ಮೂರು ಬೋಳು ಕೀಗಳು. ಮೊದಲು ಬರೀ ಅನುಮಾನ ಬರುವಂತಿತ್ತು, ಈಗ ಸಾಕ್ಷ್ಯನಾಶವೂ ಸೇರಿತು. ಅಷ್ಟರಲ್ಲಿ ಅತ್ತೆಯವರು, "ಮೂರು ಬೋಳಾದ್ರೆ ತಾನೆ ಎದ್ದು ಕಾಣೋದು? ಎಲ್ಲಾನೂ ಒಂದೇ ತರ ಮಾಡ್ಬಿಡ್ರಿ" ಎಂದು ಅಪ್ಪಣೆ ಕೊಡಿಸಿದರು.

ಭಯದಲ್ಲಿರುವವರಿಗೆ ಯಾವ ಸಲಹೆಯೂ ಅಮೃತ. ಭಾನುವಾರ ಸಂಜೆಯ ಹೊತ್ತಿಗೆ ಎಲ್ಲ ಕೀಗಳೂ ಸರ್ವಸಮಾನವಾಗಿ ಬೋಳಾಗಿದ್ದವು.

ಸೋಮವಾರ ಬೆಳಿಗ್ಗೆ ಬೇಗನೆ ಹೋಗಿ, ಲ್ಯಾಪ್‌ಟಾಪ್ ಬದುಕಿದೆಯೋ ಇಲ್ಲವೋ ಎಂದು ಒಂದು ಹಳೆಯ ಪತ್ರವನ್ನು ನಕಲು ಮಾಡಿ ಪರೀಕ್ಷಿಸಿದೆ. ಬದುಕಿತ್ತು. ಅಷ್ಟರಲ್ಲಿ ನಸ್ರೀನ್ ಮೇಡಂ ಬಂದು ಪಕ್ಕದಲ್ಲಿ ಕೂತರು. ಕನ್ನಡಕ ಏರಿಸಿದರು. ಕೀಬೋರ್ಡಿನತ್ತ ಬಗ್ಗಿದರು. ನಾನು ಉಸಿರಾಡುವುದನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿದೆ.

"ಅರೆ! ಇದೇನ್ರೀ ಮಂಜುಳಾ, ಒಂದಕ್ಷರಾನೂ ಇಲ್ವಲ್ಲ?"

"ಬ... ಬಳಸೀ ಬಳಸೀ ಸವೆದಿದೆ ಮೇಡಂ."

"ಎಲ್ಲಾನೂ? ಅಂದ್ರೆ ಅಕ್ಷರ ನೋಡ್ದೇನೇ ಟೈಪ್ ಮಾಡ್ತೀರಾ? ಮಾಷಾ ಅಲ್ಲಾ!" ಮೇಡಂ ಮುಖ ಅರಳಿತು. "ಮುನಿರಾಜು, ಎಲ್ರನ್ನೂ ಕರೀರಿ, ನೋಡಿ ಕಲೀಲಿ. ಹೂಂ, ನಾನ್ ಹೇಳ್ತೀನಿ, ನೀವು ಹೊಡೀರಿ. ಹಿಂದಿನ ಕಾರ್ಯದರ್ಶಿಗಳಿಗೆ ಧನ್ಯವಾದದ ಪತ್ರ. ಮಾನ್ಯರೇ..."

ಇಡೀ ಸಂಘ ನನ್ನ ಬೆನ್ನ ಹಿಂದೆ ನಿಂತಿತು. ಮೌಸಿನಿಂದ ಹೊಸ ಪುಟ ತೆರೆದೆ. ದೇವರ ಮೇಲೆ ಭಾರ ಹಾಕಿ ಒತ್ತಿದೆ. ಪರದೆಯ ಮೇಲೆ "ನಾಬ್ಯತೇ" ಎಂದು ಮೂಡಿತು.

"ನಾಬ್ಯತೇನಾ? ಯಾರದು?" ಎಂದರು ಮೇಡಂ.

ನನ್ನ ಕಣ್ಣು ಕತ್ತಲಿಟ್ಟಿತು. ಆ ಕತ್ತಲಲ್ಲಿ, ನನ್ನ ಪೂರ್ವಾನುಮತಿ ಪಡೆಯದೆ, ಬೆರಳುಗಳು ತಮಗೆ ಗೊತ್ತಿದ್ದ ಜಾಗಕ್ಕೆ ತಾವೇ ಹೋದವು. ಕಂಟ್ರೋಲ್. ವಿ. ಕ್ಷಣಾರ್ಧದಲ್ಲಿ ಪುಟ ತುಂಬಿತು!

ಮೇಡಂ ಗಟ್ಟಿಯಾಗಿ ಓದಿದರು: "ಸಂಘದ ಹಿಂಬದಿಯ ಶೌಚಾಲಯದ ಬಾಗಿಲು ತೀರಾ ಸಡಿಲಗೊಂಡಿದ್ದು, ಯಾವ ಕ್ಷಣದಲ್ಲಾದರೂ ಕಳಚಿ ಬೀಳುವ ಸ್ಥಿತಿಯಲ್ಲಿರುವುದರಿಂದ..."

ಮುನಿರಾಜು ಕೆಮ್ಮಿದ. ಮೇಡಂ ಪರದೆಯನ್ನು ಬಿಟ್ಟು ನನ್ನ ಬೆರಳುಗಳನ್ನು ನೋಡಿದರು. ಅವು ಇನ್ನೂ ಅಲ್ಲೇ ಕೂತಿದ್ದವು.

"ಮನೆ ನಂಬರ್ ಅಳಿಸಿದ್ರೂ ಬೆರಳಿಗೆ ವಿಳಾಸ ಮರೆತಿಲ್ವಲ್ರೀ!" ಎಂದು ಮೇಡಂ ನಕ್ಕರು. ಇಡೀ ಸಂಘ ನಕ್ಕಿತು. ಮುಚ್ಚಿಡಲು ಹೊರಟಿದ್ದನ್ನು ನಾನೇ ಸಭೆ ಸೇರಿಸಿ ತೋರಿಸಿದ್ದೆ!

"ಸಹಿ ವಿಷಯ ಆಮೇಲೆ ನೋಡೋಣ. ಮೊದ್ಲು ಇದೆಲ್ಲ ಹೇಗಾಯ್ತು ಅಂತ ನಿಮ್ಮ ಸ್ವಂತ ಮಾತಲ್ಲಿ ಬರೆದು ತನ್ನಿ. ಹಳೇ ಪತ್ರ ಯಾವ್ದೂ ತೆಗೀಬಾರ್ದು."

ಅದೇ ಇದು. ಜೀವಮಾನದಲ್ಲಿ ನಾನು ಸ್ವಂತವಾಗಿ ಬರೆದ ಮೊದಲ ಬರಹ. ಯಜಮಾನರು ಬಿಳಿ ಪೇಂಟಿನಿಂದ ಕೀಗಳ ಮೇಲೆ ಮತ್ತೆ ಅಕ್ಷರ ಬರೆದುಕೊಟ್ಟಿದ್ದಾರೆ, ನಂಬರ್ ಪ್ಲೇಟಿನ ಶೈಲಿಯಲ್ಲಿ. ಕೈ ತೊಳೆದುಕೊಂಡೇ ಕೂರುತ್ತೇನೆ, ಎದ್ದಾಗಲೆಲ್ಲ ಒಣಬಟ್ಟೆಯಿಂದ ಒರೆಸುತ್ತೇನೆ. ಕಂಟ್ರೋಲ್ ಕೀಗೆ ಈಗ ಕೆಲಸವೇ ಇಲ್ಲ.

ಆದರೆ ಇಂದು ಮನೆಯಲ್ಲಿ ಬಿಸಿಲಿಗೆ ಹಿಡಿದು ನೋಡಿದೆ. ಮೂಲೆಯ ಒಂದು ಕೀ ಆಗಲೇ ಪೇಂಟು ಕಳೆದುಕೊಂಡು ಮಿಂಚುತ್ತಿದೆ. ಬರೆದದ್ದನ್ನು ಅಳಿಸುವ ಬ್ಯಾಕ್‌ಸ್ಪೇಸ್!

ಪಕ್ಕದಲ್ಲಿದ್ದ ಅತ್ತೆಯವರು ಬಗ್ಗಿ ನೋಡಿ, ಸಂತೃಪ್ತಿಯಿಂದ ತಲೆದೂಗಿದರು.

"ನೋಡ್ದಾ? ನನ್ನ ಹುಣಸೆಹಣ್ಣೂ ಇಷ್ಟು ಹೊಳಪು ಕೊಡ್ತಿರ್ಲಿಲ್ಲ ಬಿಡು!"