ಹಾರ್ಡ್ ಡಿಸ್ಕಿನ ಹರಾಜು

ಫ್ಲಾಪಿರಾಯರ ಕಂಪ್ಯೂಟರ್ ಬೆಳಿಗ್ಗೆ ಎರಡು ಸಲ ಕೆಮ್ಮಿ ಕಣ್ಣು ಮುಚ್ಚಿತು. ರಾಯರಿಗೆ ಆ ಹೆಸರಿಟ್ಟವರು ಕಚೇರಿಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಅಪ್ಪನನ್ನು ಕಾಡಿ ಬೇಡಿ ಕೊಡಿಸಿಕೊಂಡ ಯಂತ್ರವನ್ನು ತಲೆ ನರೆತ ಮೇಲೂ ದಿನಾ ಒರೆಸಿ, ಊದಿ, ಹಸಿರು ಅಕ್ಷರ ಮೂಡುವುದನ್ನು ಕಣ್ತುಂಬಿಕೊಳ್ಳುವ ಮನುಷ್ಯನಿಗೆ ಇನ್ಯಾವ ಹೆಸರು ಒಪ್ಪೀತು? ಅದರಲ್ಲಿ ಏನು ಕೆಲಸ ಮಾಡುತ್ತಾರೆಂದು ಮಾತ್ರ ಕೇಳಬಾರದು. ಅದು ಓಡುತ್ತಿರಬೇಕು, ಅಷ್ಟೇ.

"ಹಾರ್ಡ್ ಡಿಸ್ಕ್ ಹೋಯ್ತು ಕಣೇ," ಎಂದರು, ನೆಂಟರ ಸಾವು ತಿಳಿಸುವ ದನಿಯಲ್ಲಿ.

"ಒಳ್ಳೇದಾಯ್ತು. ಸಂಜೆ ಒಳಗೆ ಅದು ಓಡ್ಲಿಲ್ಲ ಅಂದ್ರೆ ಡಬ್ಬ ಗುಜರಿಗೆ, ಮೇಜು ನನ್ನ ಹೊಲಿಗೆ ಮೆಷಿನ್ನಿಗೆ," ಎಂದಳು ಹೆಂಡತಿ.

ಆ ಕಾಲದ ಡಿಸ್ಕ್ ಈಗ ಯಾವ ಅಂಗಡಿಯಲ್ಲಿದೆ? ಹಳೇ ಸಾಮಾನು ಹರಾಜು ಹಾಕುವ ವೆಬ್‌ಸೈಟಿನಲ್ಲಿ ಒಂದೇ ಒಂದು ಸಿಕ್ಕಿತು. ಮಾರುವವನು ಅದೇ ಊರಿನ ಗಡಿಯಾರ ರಿಪೇರಿಯವನು. ಹರಾಜು ಮುಗಿಯುವುದು ಮಧ್ಯಾಹ್ನ ಮೂರಕ್ಕೆ. ಸರಿಯಾಗಿ ಅದೇ ಹೊತ್ತಿಗೆ ಮ್ಯಾನೇಜರ್ ಮೀಟಿಂಗ್ ಕರೆದಿದ್ದರು. ಫೋನು ಹೊರಗಿಟ್ಟು ಹೋಗಬೇಕಾದ ಮೀಟಿಂಗು.

ರಾಯರು ಕ್ಯಾಷಿಯರನ ಕೈ ಹಿಡಿದರು. "ನನ್ನ ಪರವಾಗಿ ನೀನು ಕೂಗಪ್ಪಾ. ಎಷ್ಟಾದ್ರೂ ಸರಿ, ಬಿಡ್ಬೇಡ."

"ನೀವು ನಿಶ್ಚಿಂತೆಯಿಂದ ಹೋಗಿ ಸಾರ್."

ಆದರೆ ಕ್ಯಾಷಿಯರ್ ಊಟವಾದ ಮೇಲೆ ಕೂತಲ್ಲೇ ಗೊರಕೆ ಹೊಡೆಯುವ ಆಸಾಮಿ. ಇವನನ್ನು ನಂಬಿ ಕೆಡಬಾರದೆಂದು ರಾಯರು ಬಾಮೈದನಿಗೂ ಫೋನು ಮಾಡಿ ಅದೇ ಮಾತು ಹೇಳಿದರು. ಭಾವ ತನ್ನನ್ನು ನಂಬಿ ಒಂದು ಕೆಲಸ ಒಪ್ಪಿಸಿದ್ದು ಅದೇ ಮೊದಲು. ಹುಡುಗ ಉಬ್ಬಿಹೋದ.

ಮೀಟಿಂಗ್ ಮುಗಿಸಿ ಬಂದಾಗ ಕ್ಯಾಷಿಯರನ ಅಂಗಿ ಬೆವರಲ್ಲಿ ತೊಯ್ದಿತ್ತು.

"ಗೆದ್ವಿ ಸಾರ್! ಯಾವನೋ ಹಟಮಾರಿ ಒಬ್ಬ ಅಡ್ಡ ಬಂದ. ನಾನು ಏರಿಸಿದ ಹಾಗೆಲ್ಲ ಅವನೂ ಏರಿಸ್ತಾನೆ. ನಾನು ಬಿಡ್ತೀನಾ? ನಿಮ್ಮ ಒಂದು ತಿಂಗಳ ಸಂಬಳಕ್ಕೆ ಬಂದಾಗ ಅವನ ಉಸಿರು ನಿಂತೋಯ್ತು."

ರಾಯರ ಉಸಿರೂ ಅರ್ಧ ನಿಂತಿತು. ಉಳಿದರ್ಧವನ್ನು ಬಾಮೈದನ ಫೋನು ನಿಲ್ಲಿಸಿತು.

"ಕ್ಷಮಿಸಿ ಭಾವ. ಯಾವನೋ ಮುಠ್ಠಾಳ ಪಟ್ಟು ಬಿಡ್ಲೇ ಇಲ್ಲ. ನನ್ನ ಫೋನ್ ಚಾರ್ಜ್ ಮುಗೀದೇ ಇದ್ದಿದ್ರೆ ಅವನಿಗೆ ಮಣ್ಣು ಮುಕ್ಕಿಸ್ತಿದ್ದೆ."

ಇಬ್ಬರನ್ನೂ ಬಯ್ಯುವಂತಿರಲಿಲ್ಲ. ಇಬ್ಬರೂ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ರಾಯರು ಕೂಡಿಟ್ಟದ್ದನ್ನೆಲ್ಲ ಗಡಿಯಾರದವನಿಗೆ ಸುರಿದು, ಡಿಸ್ಕಿನ ಪೊಟ್ಟಣವನ್ನು ಎದೆಗವಚಿಕೊಂಡು ಬಸ್ಸು ಹತ್ತಿದರು. ದುಡ್ಡು ಹೋದರೆ ಹೋಗಲಿ, ಯಂತ್ರ ಉಳಿಯಿತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಬಸ್ಸು ಮಾತ್ರ ಪ್ರತಿ ಸಿಗ್ನಲ್ಲಿನಲ್ಲೂ ತೂಕಡಿಸಿತು.

ಮನೆ ಹೊಕ್ಕರೆ ಮೇಜು ಬೋಳು! ಪಕ್ಕದಲ್ಲಿ ಹೆಂಡತಿಯೂ ಮಹಡಿ ಮನೆಯಾಕೆಯೂ ಹಲ್ಲು ಕಿರಿದು ನಿಂತಿದ್ದರು. ಈ ಮಹಡಿ ಮನೆಯಾಕೆಗೆ ಏನೂ ಕೊಳ್ಳದಿದ್ದರೂ ಹರಾಜುಗಳನ್ನೆಲ್ಲ ನೋಡುವ ಚಪಲ.

"ಎಲ್ಲೇ ಅದು?" ರಾಯರು ಮೇಜಿನಡಿ ಬಗ್ಗಿ ನೋಡಿದರು.

"ಮಾರ್ದೆ ಕಣ್ರೀ! ಸಂಜೆ ತನಕ ಕಾಯೋಣ ಅಂತಲೇ ಇದ್ದೆ. ಅಷ್ಟರಲ್ಲಿ ಇವರು ಓಡಿ ಬಂದು ಫೋನಲ್ಲಿ ತೋರಿಸಿದ್ರು. ಯಾವನೋ ಮನೆಹಾಳ ಇಂಥದ್ದರ ಬರೀ ಡಿಸ್ಕಿಗೆ ಒಂದು ತಿಂಗಳ ಸಂಬಳದಷ್ಟು ಸುರಿದಿದ್ದಾನೆ! ಡಿಸ್ಕಿಗೇ ಅಷ್ಟಾದ್ರೆ ಇಡೀ ಡಬ್ಬಕ್ಕೆ? ಬೆಲೆ ಇಳಿಯೋದ್ರೊಳಗೆ ಅದೇ ಸೈಟಲ್ಲಿ ಹಾಕಿಬಿಡೋಣ ಅಂತ ಹಾಕಿದ್ವಿ. ಒಬ್ಬ ಸ್ಕೂಟರಲ್ಲಿ ಹಾರಿ ಬಂದ. ಈಗ ಹಿತ್ತಲಲ್ಲಿ ಅದನ್ನ ಸ್ಕೂಟರಿಗೆ ಕಟ್ತಿದಾನೆ. ಪಾಪ, ಆ ಮನೆಹಾಳನ್ನ ಕಟ್ಕೊಂಡವಳ ಗತಿ ಏನೋ!" ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಹಗ್ಗ ಹಿಡಿದು ಒಳಬಂದ ಗಿರಾಕಿ ರಾಯರನ್ನು ಕಂಡು ಬಾಯಗಲಿಸಿದ. ಗಡಿಯಾರ ರಿಪೇರಿಯವನು!

"ಅರೆ, ನಿಮ್ಮ ಮನೇನಾ ಸಾರ್ ಇದು? ಮೆಷಿನ್ ಇಲ್ಲದೆ ಆ ಡಿಸ್ಕ್ ನನ್ನ ಹತ್ರ ಸುಮ್ನೆ ಬಿದ್ದಿತ್ತು. ನೀವು ಕೊಟ್ಟ ದುಡ್ಡಲ್ಲಿ ಅರ್ಧಕ್ಕೇ ಈಗ ಮೆಷಿನ್ನೂ ಬಂತು! ಇನ್ನು ಆ ಡಿಸ್ಕ್ ನಿಮಗ್ಯಾಕೆ ಸಾರ್? ನನಗೇ ವಾಪಸ್ ಕೊಡಿ."

"ಕೊಂಡ ಬೆಲೆಗಾ?" ರಾಯರು ಆಸೆಯಿಂದ ಕೇಳಿದರು.

"ಅಯ್ಯೋ, ಅದು ಇಬ್ಬರು ಹುಚ್ಚರು ಸೇರಿ ಏರಿಸಿದ ಬೆಲೆ ಸಾರ್. ಈಗ ನಾನೊಬ್ಬನೇ ಇದೀನಿ. ಬಸ್ ಚಾರ್ಜ್ ಕೊಡ್ತೀನಿ."

ಹೆಂಡತಿಯ ನಗು ನಿಂತಿತು. ಅವಳು ಗಂಡನ ಕೈಯಲ್ಲಿದ್ದ ಪೊಟ್ಟಣವನ್ನು ನೋಡುತ್ತಿದ್ದಳು.