ಅರವತ್ತರ ಮುದುಕನಿಗೊಂದು ಕಂತು

ಇಷ್ಟೆಲ್ಲ ರಂಪಕ್ಕೆ ಕಾರಣ ಒಂದು ಹಾಸಿಗೆ.

ಹೂಂಗುಟ್ಟಪ್ಪ ಹಾಸಿಗೆ ಅಂಗಡಿಯ ಸೇಲ್ಸ್‌ಮನ್. ವಯಸ್ಸು ಇಪ್ಪತ್ತನಾಲ್ಕು. ಯಾರು ಏನು ಕೇಳಿದರೂ ಅವನ ಬಾಯಿಂದ ಹೊರಡುವುದು ‘ಹೂಂ’. ಹಾಗಾಗಿ ಹೆತ್ತವರಿಟ್ಟ ಹೆಸರು ಎಂದೋ ಮೂಲೆ ಸೇರಿ ಇದೇ ಗಟ್ಟಿಯಾಗಿತ್ತು. ಸಂಬಳ ಒಂದನೇ ತಾರೀಕು ಬರುತ್ತಿತ್ತು. ಇವನು ನಾಲ್ಕು ಜನಕ್ಕೆ ಹೂಂ ಎನ್ನುವಷ್ಟರಲ್ಲಿ ಖಾಲಿ.

ಕಳೆದ ವಾರ ನಿವೃತ್ತ ಲೆಕ್ಕದ ಮೇಡಂ ಒಬ್ಬರು ಅಂಗಡಿಗೆ ಬಂದು, ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ನೋಡಿ ಕೇಳಿದ್ದರು, “ಇದಕ್ಕೆ ಗ್ಯಾರಂಟಿ ಎಷ್ಟಪ್ಪ?”

“ಹತ್ತು ವರ್ಷ, ಮೇಡಂ.”

“ನಿನ್ನ ಮುಪ್ಪಿಗೆ?”

ಹೂಂಗುಟ್ಟಪ್ಪ ತಬ್ಬಿಬ್ಬಾದ. ಮೇಡಂ ಮಲಗಿದಲ್ಲಿಂದಲೇ ಪಾಠ ಶುರು ಮಾಡಿದರು. “ತಿಂಗಳಿಗೆ ಎರಡೇ ಸಾವಿರ ಹಾಕು. ಬೆಳೆದದ್ದನ್ನ ಮುಟ್ಟಬೇಡ, ಅದರ ಮೇಲೂ ಬೆಳೆಯುತ್ತೆ. ಮಾರುಕಟ್ಟೆ ಏರುತ್ತೆ, ಇಳಿಯುತ್ತೆ, ನೀನು ಸುಮ್ನಿರು. ನಿನ್ನ ಹತ್ರ ದುಡ್ಡಿಲ್ಲ, ಸರಿ. ಅರವತ್ತಾಗೋಕೆ ಇನ್ನೂ ಮೂವತ್ತಾರು ವರ್ಷ ಇದೆಯಲ್ಲ! ನನ್ನ ಹತ್ರ ಅದಿಲ್ಲ ನೋಡು.”

“ಹೂಂ,” ಎಂದ. ಮೇಡಂ ಅವನ ಫೋನಿನಲ್ಲೇ ಒಂದು ಫಂಡಿಗೆ ಸೇರಿಸಿಬಿಟ್ಟರು. ಪ್ರತಿ ತಿಂಗಳು ಐದನೇ ತಾರೀಕು ಎರಡು ಸಾವಿರ ಖಾತೆಯಿಂದ ತಾನಾಗಿಯೇ ಹೋಗುತ್ತದೆ. ಖಾತೆ ಬರಿದಾಗಿದ್ದರೆ ಬ್ಯಾಂಕಿನವರು ದಂಡ ಹಾಕುತ್ತಾರೆ. “ಯಾರಿಗೂ ಹೇಳ್ಬೇಡ,” ಎಂದು ಹೊರಡುವಾಗ ಎಚ್ಚರಿಸಿದರು. “ಹೇಳಿದ್ರೆ ಅದನ್ನೂ ಕೇಳ್ಕೊಂಡು ಬರ್ತಾರೆ.”

ಇವತ್ತು ಐದು. ಖಾತೆಯಲ್ಲಿದ್ದದ್ದು ಎರಡು ಸಾವಿರದ ನಲವತ್ತು. ಸಂಜೆಯವರೆಗೆ ಅದನ್ನು ಕಾಪಾಡಿದರೆ ಗೆದ್ದಂತೆ. ಅವನನ್ನು ಸಾಕಿದ್ದು ಅಜ್ಜಿ. ದರ್ಜಿಗಳಿಗೆ ಅಂಗಿಯ ಕಾಜಾ ಹೊಲಿದುಕೊಟ್ಟು, ಆ ಪುಡಿಗಾಸಿನಲ್ಲೇ ಇವನನ್ನು ಆಳೆತ್ತರ ಮಾಡಿದವಳು. ಕಂತು ಹೋದ ಮೆಸೇಜನ್ನು ಅವಳಿಗೆ ತೋರಿಸಬೇಕು, ‘ಅಬ್ಬಾ, ನಿನಗೂ ಬುದ್ಧಿ ಬಂತು’ ಎಂದು ಅವಳ ಬಾಯಿಂದ ಕೇಳಬೇಕು. ಅವನ ಆಸೆ ಅಷ್ಟೇ.

ಮೆಟ್ಟಿಲಿಳಿಯುತ್ತಿದ್ದಂತೆ ಕೆಳಮನೆ ಆಂಟಿ ಅಡ್ಡ ಬಂದರು. “ಗ್ಯಾಸಿನೋನು ಬಂದು ನಿಂತಿದಾನೆ. ಒಂದು ಮುನ್ನೂರು ಕೊಡಪ್ಪ, ಸಂಜೆ ವಾಪಸ್ ಕೊಡ್ತೀನಿ.”

ಹೂಂ ಗಂಟಲವರೆಗೆ ಬಂತು, ನುಂಗಿದ. ‘ಕೊಡಲ್ಲ’ ಎನ್ನಲು ನಾಲಿಗೆ ಹೊರಳಲಿಲ್ಲ. “ಕೈಯಲ್ಲಿ ಬಿಡಿಗಾಸೂ ಇಲ್ಲ ಆಂಟಿ,” ಎಂದುಬಿಟ್ಟ.

“ನಿನ್ನ ಹತ್ರ ಇಲ್ವಾ? ಯಾಕೋ, ಏನಾಯ್ತೋ?”

“ಏನೂ ಇಲ್ಲ, ಏನೂ ಇಲ್ಲ,” ಎನ್ನುತ್ತ ಓಟ ಕಿತ್ತ. ಏನೋ ಇದೆ ಎಂದು ಆಂಟಿಗೆ ಆಗಲೇ ಖಾತ್ರಿಯಾಯಿತು.

ಅಂಗಡಿಯಲ್ಲಿ ವ್ಯಾನ್ ಡ್ರೈವರ್ ಕಾಯುತ್ತಿದ್ದ. “ಮಗಳ ಶೂ ಬಾಯ್ಬಿಟ್ಟಿದೆ ಕಣೋ. ಐನೂರು ಇದ್ರೆ ಕೊಡು.”

ಆ ಮಗುವಿನ ಮುಖ ಹೂಂಗುಟ್ಟಪ್ಪನ ಕಣ್ಣ ಮುಂದೆ ಬಂತು. ಎಲ್ಲಿ ಸೋತುಬಿಡುತ್ತೇನೋ ಎಂಬ ಭಯಕ್ಕೆ ಸ್ವಲ್ಪ ದೊಡ್ಡ ಸುಳ್ಳನ್ನೇ ಹೇಳಿದ. “ಅಣ್ಣಾ, ನಾನೇ ನಿನ್ನೆಯಿಂದ ಊಟ ಮಾಡಿಲ್ಲ.”

ಹೇಳಿದ್ದೇನೋ ಸರಿ, ಅಜ್ಜಿ ಕಟ್ಟಿಕೊಟ್ಟ ಡಬ್ಬಿ ಚೀಲದಲ್ಲೇ ಕೂತಿತ್ತಲ್ಲ! ಮಧ್ಯಾಹ್ನ ಎಲ್ಲರೆದುರು ಅದನ್ನು ಬಿಚ್ಚುವುದು ಹೇಗೆ? ಹೊಟ್ಟೆ ತಾಳ ಹಾಕತೊಡಗಿದಾಗ ಡಬ್ಬಿ ಹಿಡಿದು, ಅಂಗಡಿಯ ಅತಿ ದೊಡ್ಡ ಮಂಚದ ಕೆಳಗೆ ತೆವಳಿದ.

ಎರಡನೇ ತುತ್ತು ಬಾಯಲ್ಲಿತ್ತು. ಹೊಸದಾಗಿ ಮದುವೆಯಾದ ಜೋಡಿಯೊಂದು ಹಾಸಿಗೆ ನೋಡಲು ಬಂದು, ಒಟ್ಟಿಗೇ ಧೊಪ್ಪೆಂದು ಅದೇ ಮಂಚದ ಮೇಲೆ ಬಿತ್ತು. ಹಲಗೆ ಜಗ್ಗಿ ಹೂಂಗುಟ್ಟಪ್ಪನ ನೆತ್ತಿಗೆ ಬಡಿಯಿತು. ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮು ಕಿತ್ತುಕೊಂಡು ಬಂತು.

“ಅಯ್ಯಯ್ಯೋ, ಮಂಚ ಕೆಮ್ತಿದೆ!” ಎಂದು ಮದುಮಗಳು ಕಿರುಚಿದಳು.

ಡ್ರೈವರ್ ಓಡಿಬಂದು ಕಾಲು ಹಿಡಿದು ಎಳೆದ. ಇವನ ಮುಖ ಕೆಂಪು, ಕಣ್ಣಲ್ಲಿ ನೀರು, ಮಾತು ಬಂದ್. ಡಬ್ಬಿ ಮಂಚದಡಿಯಲ್ಲೇ ಉಳಿಯಿತು. “ಹಸಿವು ಯಜಮಾನ್ರೇ! ನಿನ್ನೆಯಿಂದ ಊಟ ಇಲ್ಲ ಇವನಿಗೆ!” ಎಂದು ಡ್ರೈವರ್ ಬಾಯಿ ಬಡಿದುಕೊಂಡ.

ಯಜಮಾನರು ಗಾಬರಿಯಾಗಿ ಅವನನ್ನು ದುಬಾರಿ ಹಾಸಿಗೆಯ ಮೇಲೆ, ಪ್ಲಾಸ್ಟಿಕ್ ತೆಗೆಯದೆ, ಮಲಗಿಸಿದರು. ಹಾಜರಿ ಪುಸ್ತಕದಲ್ಲಿ ಬರೆದಿದ್ದ ಮನೆಯ ನಂಬರಿಗೆ ಫೋನ್ ಮಾಡಿದರು. ಆ ನಂಬರು ಕೆಳಮನೆ ಆಂಟಿಯದು. ಡ್ರೈವರ್ ಒಂದು ಬ್ರೆಡ್ ಪ್ಯಾಕೆಟ್ ತಂದು ಕೈಗಿಟ್ಟ. “ಶೂ ಮುಂದಿನ ತಿಂಗಳಾದ್ರೂ ಆಗುತ್ತೆ. ನೀನು ಮೊದಲು ತಿನ್ನು ಮಾರಾಯ.” ನಾಚಿಕೆಯಿಂದ ಹೂಂಗುಟ್ಟಪ್ಪನಿಗೆ ಆ ಬ್ರೆಡ್ಡೂ ಗಂಟಲಲ್ಲಿ ಇಳಿಯಲಿಲ್ಲ.

ನಾಲ್ಕು ಗಂಟೆಗೆ ಫೋನ್ ಟಿಣ್ ಎಂದಿತು. ಮೊದಲ ಕಂತು ಸಂದಾಯವಾಗಿತ್ತು! ಹೂಂಗುಟ್ಟಪ್ಪ ಹಾಸಿಗೆಯಿಂದ ಎಗರಿ ಕುಣಿದ.

“ಹಸಿವು ತಲೆಗೇರಿದೆ, ಮನೆಗೆ ಬಿಟ್ಟು ಬಾ,” ಎಂದು ಯಜಮಾನರು ಡ್ರೈವರ್‌ಗೆ ಹೇಳಿದರು.

ಮನೆ ಬಾಗಿಲಲ್ಲಿ ಆಂಟಿ ನಿಂತಿದ್ದರು. ಒಳಗೆ ಅಜ್ಜಿ, ಮಡಿಲಲ್ಲಿ ದಪ್ಪನೆಯ ಲಕೋಟೆ.

“ಯಾರ ಹತ್ರ ಸಾಲ ಮಾಡಿದೀಯೋ? ತಗೋ, ಮೊದಲು ತೀರಿಸಿ ಬಾ. ಆಮೇಲೆ ಬೈತೀನಿ.”

“ಇಷ್ಟು ದುಡ್ಡು ಎಲ್ಲಿಂದ ಬಂತು ಅಜ್ಜಿ?”

ಉತ್ತರ ಕೊಟ್ಟಿದ್ದು ಆಂಟಿ. “ನೀನು ಹುಟ್ಟಿದ ತಿಂಗಳಿಂದ ಸೊಸೈಟೀಲಿ ನಿನಗೆ ಅಂತ ಕಟ್ಕೊಂಡು ಬಂದಿದ್ರಂತೆ ಕಣೋ. ನಿಂಗೆ ಊಟಕ್ಕೂ ಗತಿಯಿಲ್ಲ ಅಂತ ಫೋನ್ ಬಂತಲ್ಲ, ನಾನೇ ಕರ್ಕೊಂಡು ಹೋಗಿ ಮುರಿಸಿದೆ!”

ಹೂಂಗುಟ್ಟಪ್ಪ ರಸೀದಿ ಬಿಡಿಸಿದ. ಅವಧಿ ಇಪ್ಪತ್ತೈದು ವರ್ಷ. ತುಂಬಲು ಉಳಿದಿದ್ದದ್ದು ಎರಡೇ ತಿಂಗಳು. ಮೊದಲೇ ಮುರಿಸಿದ್ದಕ್ಕೆ ಕೈತಪ್ಪಿದ ಬೋನಸ್ಸು ಇಪ್ಪತ್ತನಾಲ್ಕು ಸಾವಿರ. ಅವನ ಒಂದು ವರ್ಷದ ಕಂತು.

“ಅಯ್ಯೋ ಅಜ್ಜೀ, ಇನ್ನೆರಡು ತಿಂಗಳು ಕಾಯಬಾರದಿತ್ತಾ?”

“ನೀನು ಹಸ್ಕೊಂಡು ಬಿದ್ದಿದೀಯ ಅಂದ್ರು,” ಎಂದಳು ಅಜ್ಜಿ. “ನಾನು ಕಟ್ಟಿದ ಡಬ್ಬೀನೂ ಯಾರಿಗೋ ಕೊಟ್ಟುಬಿಟ್ಟಿದೀಯ ಅಂದ್ಕೊಂಡೆ. ಹೇಗೋ ಕಾಯ್ಲಿ?”

ಅವನು ಅವಳ ಕಾಲ ಬಳಿ ಕುಸಿದು, ಮಡಿಲಲ್ಲಿ ಮುಖವಿಟ್ಟು ಅತ್ತ. ಅಳುತ್ತಲೇ ಮೇಡಂ, ಫಂಡು, ಮಂಚ, ಎಲ್ಲವನ್ನೂ ಹೇಳಿದ.

“ಹಾಗಾದ್ರೆ ಯಾರ ಸಾಲಾನೂ ಇಲ್ವಾ?”

“ಇಲ್ಲ. ಅರವತ್ತು ವರ್ಷದ ನನಗೇ ಎತ್ತಿಡ್ತಿದ್ದೆ. ಆ ಮುದುಕ ಕಷ್ಟಪಡಬಾರದು ಅಂತ.”

“ಮೂವತ್ತಾರು ವರ್ಷ ಆದ್ಮೇಲೆ ಬರೋ ಮುದುಕನಿಗೋಸ್ಕರ ಇವತ್ತು ನನ್ನ ಜೀವ ತೆಗೆದ್ಯಲ್ಲೋ!” ಅಜ್ಜಿ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. ಮತ್ತೆ ಅಲ್ಲೇ ಸವರಿದಳು. ಕಣ್ಣೊರೆಸಿಕೊಳ್ಳುತ್ತ ನಕ್ಕಳು. “ಅಬ್ಬಾ, ನಿನಗೂ ಬುದ್ಧಿ ಬಂತು.”

ಇಪ್ಪತ್ತನಾಲ್ಕು ಸಾವಿರ ತೆತ್ತು ಕೇಳಿದ ಮಾತು. ಹೂಂಗುಟ್ಟಪ್ಪನ ಎದೆ ತುಂಬಿಬಂತು. ಈ ಲಕೋಟೆಯಲ್ಲಿರುವುದನ್ನು ಇನ್ನು ಯಾರಿಗೂ ಕೊಡೆ, ಅಜ್ಜಿಯ ಹೆಸರಿಗೇ ಹಾಕುತ್ತೇನೆ ಎಂದು ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡ.

ಆಂಟಿ ಕೆಮ್ಮಿದರು. “ಹೇಗೂ ದುಡ್ಡು ಕೈಲಿದೆಯಲ್ಲಪ್ಪ. ಗ್ಯಾಸಿನೋನು ನಾಳೆ ಮತ್ತೆ ಬರ್ತಾನೆ. ಒಂದು ಮುನ್ನೂರು…”

ಬಾಗಿಲಾಚೆಯಿಂದ ಡ್ರೈವರ್ ತಲೆ ಇಣುಕಿತು. “ಹಾಗೇ… ಆ ಶೂ…”

ಹೂಂಗುಟ್ಟಪ್ಪ ಲಕೋಟೆಯನ್ನು ಎದೆಗವಚಿಕೊಂಡು ಅಜ್ಜಿಯ ಮುಖ ನೋಡಿದ. ‘ಇಲ್ಲ’ ಎನ್ನಲೆಂದೇ ಉಸಿರು ಎಳೆದುಕೊಂಡು ಬಾಯಿ ತೆರೆದ.

“ಹೂಂ,” ಎಂದ.