ಜಲ್ಲಿ ದಾರಿ, ಸೈಕಲ್ಲು ಮತ್ತು ನನ್ನ ಸಿಟ್ಟು

ಸೈಕಲ್ ತುಳಿದರೆ ಮನಸ್ಸು ಹಗುರಾಗುತ್ತೆ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ನಾನು ಸೈಕಲ್ ಹತ್ತಿದಾಗಲೆಲ್ಲ ಏನಾದರೊಂದು ಆಗೇ ಆಗುತ್ತೆ, ಹೋಗುವಾಗ ಇದ್ದದ್ದಕ್ಕಿಂತ ಜಾಸ್ತಿ ಸಿಟ್ಟು ಹೊತ್ತುಕೊಂಡೇ ಮನೆಗೆ ಬರುತ್ತೇನೆ.

ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಕೊರೊನಾ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಅವಳ ತಮ್ಮನ ಮದುವೆಗೆ ಅಂತ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದಳು. ಅವರು ಆ ಕಡೆ ಹೋದರು, ನಾವಿರುವ ಜಪಾನ್ ಈ ಕಡೆ ಬಾಗಿಲು ಹಾಕಿಕೊಂಡಿತು. ವೀಸಾ ಇದೆ ಸ್ವಾಮಿ, ಮಗು ಹುಟ್ಟಿದ್ದೇ ಟೋಕಿಯೋದಲ್ಲಿ ಸ್ವಾಮಿ, ಟ್ಯಾಕ್ಸ್ ಕಟ್ತೀವಿ ಸ್ವಾಮಿ. ಏನಂದರೂ ಊಹೂಂ. ಬಾಗಿಲು ತೆರೆದಾಗ ಅಲ್ಲಿಂದ ವಿಮಾನ ಇಲ್ಲ. ವಿಮಾನ ಸಿಕ್ಕಾಗ ಬಾಗಿಲು ಇಲ್ಲ. ಟೋಕಿಯೋದ ಕೋಟೋ ಬಡಾವಣೆಯ ಎತ್ತರದ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬನೇ ಗೋಡೆ ನೋಡಿಕೊಂಡು ಕೂತಿದ್ದೆ.

ಒಂದು ದಿನ ಆನ್‌ಲೈನ್ ಮೀಟಿಂಗಿನಲ್ಲಿ ಸುಮ್ಮಸುಮ್ಮನೆ ಎಲ್ಲರ ಮೇಲೂ ಹಾರಾಡಿದೆ. ನಮ್ಮ ಬುಚೋ, ಅಂದರೆ ನಮ್ಮ ವಿಭಾಗದ ದೊಡ್ಡ ಬಾಸು, ಆಮೇಲೆ ಫೋನ್ ಮಾಡಿ, "ನಿಮಗೆ ಹೊರಗಿನ ಗಾಳಿ ಬೇಕು ಅನ್ಸುತ್ತೆ. ಗ್ರ್ಯಾವೆಲ್ ಸೈಕಲ್ ತಗೊಳ್ಳಿ" ಅಂದರು. ಡಾಂಬರು ರಸ್ತೆಗೂ ಸೈ, ಕಾಡಿನ ಜಲ್ಲಿ ದಾರಿಗೂ ಸೈ, ಅಂಥ ಸೈಕಲ್ಲು. ಅವರು ಪ್ರತಿ ವಾರ ಟೋಕಿಯೋದಿಂದ ಆಚೆ, ಇಜು ಪರ್ಯಾಯ ದ್ವೀಪದ ಕಡೆ ಹೋಗುತ್ತಾರಂತೆ. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುತ್ತೆ, ಇಳಿಜಾರಿನ ತುಂಬ ಕಿತ್ತಳೆ ತೋಟ, ಥೇಟ್ ಮೆಡಿಟರೇನಿಯನ್ ಅಂತೆ. ಬಾಸು ಹೇಳಿದ ಮೇಲೆ ಇನ್ನೇನು? ತಗೊಂಡೆ.

ಸೀಟಿನ ಮಾನ

ಬುಚೋ ಜೊತೆ ಹೊರಟ ಮೊದಲ ಸಲವೇ ಸ್ಟೇಷನ್ನಿನಲ್ಲಿ ಕಿರಿಕ್ಕು. ಇಲ್ಲಿ ರೈಲಿನಲ್ಲಿ ಸೈಕಲ್ ಒಯ್ಯಬೇಕಾದರೆ ಚಕ್ರ ಬಿಚ್ಚಿ, ಇಡೀ ಸೈಕಲ್ಲನ್ನು ಚೀಲಕ್ಕೆ ತುಂಬಬೇಕು. ನಾನೂ ಬೆವರು ಸುರಿಸಿಕೊಂಡು ತುಂಬಿದೆ. ಸೀಟಿನ ಮೂತಿ ಮಾತ್ರ ಒಂದು ಚೂರು ಹೊರಗೆ ಇಣುಕುತ್ತಿತ್ತು.

ಟೋಪಿ ಹಾಕಿದ ಸಿಬ್ಬಂದಿ ಓಡಿ ಬಂದ. "ಸುಮಿಮಾಸೆನ್, ಸೀಟು ಕಾಣ್ತಾ ಇದೆ." ಸುಮಿಮಾಸೆನ್ ಅಂದರೆ ಕ್ಷಮಿಸಿ ಅಂತ.

"ಕಂಡರೆ ಏನಾಯ್ತು?"

"ಸುಮಿಮಾಸೆನ್, ಕಾಣಬಾರದು."

"ಯಾರಿಗೆ ತೊಂದರೆ ಆಗುತ್ತೆ?"

"ಸುಮಿಮಾಸೆನ್, ಬೇರೆ ಪ್ರಯಾಣಿಕರಿಗೆ."

ಅವನ ಜೊತೆ ಜಗಳ ಆಡೋಣ ಅಂದರೆ ನಾನು ಒಂದು ಮಾತಾಡುವಷ್ಟರಲ್ಲಿ ಅವನು ಎರಡು ಸಲ ಬಗ್ಗುತ್ತಾನೆ. ಬಗ್ಗಿದವನ ನೆತ್ತಿಗೆ ಎಷ್ಟು ಅಂತ ಬೈಯುವುದು? ಹಲ್ಲು ಕಡಿದುಕೊಂಡು ನನ್ನ ಜರ್ಕಿನ್ನನ್ನೇ ಬಿಚ್ಚಿ ಸೀಟಿಗೆ ಸುತ್ತಿದೆ. ಅವನಿಗೆ ಎಷ್ಟು ಖುಷಿಯಾಯಿತು ಅಂದರೆ, ಸೈಕಲ್ಲಿಗೇ ಒಂದು "ಅರಿಗಾತೋ", ಅಂದರೆ ಥ್ಯಾಂಕ್ಸು, ಹೇಳಿದಂಗಿತ್ತು.

ಚಳಿಯಲ್ಲಿ ನಡುಗುತ್ತ ರೈಲು ಹತ್ತಿದೆ. ಕೊರೊನಾ ಕಾಲ. ಇಡೀ ಬೋಗಿಯಲ್ಲಿ ನಾನು, ಬುಚೋ, ಎರಡು ಸೈಕಲ್ಲು. ಇನ್ನೊಂದು ನರಪಿಳ್ಳೆ ಇಲ್ಲ. ನಾನು ತೊಟ್ಟಿದ್ದು ಒಂದು ಟೀ ಶರ್ಟು, ಸೀಟಿಗೆ ಮಾತ್ರ ಬೆಚ್ಚಗೆ ಜರ್ಕಿನ್ನು.

ಮನೆ ಅಳಿಯ

ಆಗ ಟೋಕಿಯೋದವರು ಅಂದರೆ ಹಳ್ಳಿಯವರು ಮಾರು ದೂರ ಸರಿಯುತ್ತಿದ್ದರು. ಸೋಂಕು ತರುವವರು ಅಂತ. ಬೆಟ್ಟದ ಮೇಲೆ ಕಿತ್ತಳೆ ತೋಟದ ಪಕ್ಕ ಒಬ್ಬರು ಅಜ್ಜ ದಾರಿಗೆ ಅಡ್ಡ ನಿಂತು, "ಎಲ್ಲಿಂದ ಬಂದ್ರಿ?" ಅಂತ ಕೇಳಿದರು.

ನಮ್ಮ ಬುಚೋ ಜನ್ಮದಲ್ಲಿ ಸುಳ್ಳು ಹೇಳದ ಮನುಷ್ಯ. ಅವತ್ತು ಹೆದರಿ, "ಪಕ್ಕದ ಹಳ್ಳಿ" ಅಂದುಬಿಟ್ಟರು.

ಅಜ್ಜ ನನ್ನ ಕಡೆ ತಿರುಗಿದರು. ನನ್ನ ಬಣ್ಣ ನೋಡಿದರು, ಮಾಸ್ಕಿನ ಎರಡೂ ಕಡೆ ಉಕ್ಕಿ ಬಂದಿದ್ದ ಗಡ್ಡ ನೋಡಿದರು. "ಇವರು?"

"ಇವರೂ ಪಕ್ಕದ ಹಳ್ಳಿಯೇ" ಅಂದರು ಬುಚೋ. ಕಿವಿ ಕೆಂಪಾಗಿತ್ತು.

"ಯಾರ ಮನೆ?"

ಬುಚೋ ಬಗ್ಗಿ ಸೈಕಲ್ಲಿನ ಚೈನು ನೋಡತೊಡಗಿದರು. ನನಗೆ ರೇಗಿತು. ಎಲ್ಲ ಕಡೆ ಇದೇ ಪ್ರಶ್ನೆ, ಏರ್‌ಪೋರ್ಟಿನಲ್ಲೂ ಇದೇ, ಬೆಟ್ಟದ ತುದಿಯಲ್ಲೂ ಇದೇ! "ಅಳಿಯ" ಅಂದೆ. "ಮನೆ ಅಳಿಯ."

ಅಜ್ಜನ ಮುಖ ಅರಳಿತು. ಈ ಕಡೆ ಹುಡುಗರೆಲ್ಲ ಪಟ್ಟಣ ಸೇರುತ್ತಿದ್ದಾರೆ, ನೀವಾದರೂ ಬಂದಿರಲ್ಲ, ದೊಡ್ಡ ಮನಸ್ಸು ಅಂತ ಹೊಗಳಿದ್ದೇ ಹೊಗಳಿದ್ದು. ಒಂದು ಚೀಲ ಕಿತ್ತಳೆ ತುಂಬಿ ಕೈಗಿಟ್ಟು, "ಹೆಂಡತಿ ಮಕ್ಕಳಿಗೆ ಕೊಡಿ. ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ" ಅಂದರು.

ಕರ್ಕೊಂಡು ಬನ್ನಿ! ಮುಂದಿನ ತಿರುವಿನಲ್ಲಿ ಸೈಕಲ್ ಬಿಸಾಕಿ, ಜಲ್ಲಿಯ ಮೇಲೆ ಕುಕ್ಕರಿಸಿ, ಮಗಳನ್ನು ನೆನೆಸಿಕೊಂಡು ಅಳುತ್ತ ಅಷ್ಟೂ ಹಣ್ಣು ಸುಲಿದು ತಿಂದೆ. ಬುಚೋ ಸಮುದ್ರ ನೋಡುತ್ತ ಪಾಪ ಪಕ್ಕದಲ್ಲೇ ಕೂತಿದ್ದರು. ಚೀಲ ಖಾಲಿಯಾದ ಮೇಲೆ ಮೆತ್ತಗೆ ಕೇಳಿದರು: "ಸುಳ್ಳು ಹೇಳಿದ್ದು ನಾನು. ನನಗೊಂದಾದರೂ ಕೊಡಬಹುದಿತ್ತಲ್ವಾ?"

ಬೈಯುವ ಪಾಠ

ಕೊನೆಗೊಮ್ಮೆ ಎಲ್ಲ ಕೂಡಿ ಬಂತು. ಹೆಂಡತಿ ಮಗಳು ಬರಲು ಪರ್ಮಿಶನ್ ಆಯಿತು, ಟಿಕೆಟ್ಟೂ ಆಯಿತು. ಆ ಖುಷಿಯಲ್ಲಿ ಬುಚೋ ಜೊತೆ ಇಜುವಿನ ದೊಡ್ಡ ಏರು ಹತ್ತಿದೆ. ತುದಿ ಮುಟ್ಟಿ, ಕೆಳಗೆ ನೀಲಿ ಸಮುದ್ರ ನೋಡುತ್ತ ಏದುಸಿರು ಬಿಡುತ್ತಿದ್ದಾಗ ಫೋನ್ ಬಂತು. ಹೆಂಡತಿ.

"ಮತ್ತೆ ಬಾಗಿಲು ಹಾಕಿದ್ರಂತೆ ರೀ. ಇಂಡಿಯಾದಿಂದ ಯಾರೂ ಬರೋ ಹಾಗಿಲ್ಲವಂತೆ. ಸೂಟ್‌ಕೇಸ್ ಬಿಚ್ಚಲಾ, ಹಾಗೇ ಇಡಲಾ?"

ಫೋನ್ ಇಟ್ಟು, ಸಮುದ್ರದ ಕಡೆ ತಿರುಗಿ, ಮೈಸೂರಿನ ನಮ್ಮ ಬೀದಿಯ ನಲ್ಲಿಯ ಹತ್ತಿರ ಕಲಿತ ಬೈಗುಳವನ್ನೆಲ್ಲ ಗಂಟಲು ಹರಿಯುವಂತೆ ಕೂಗಿದೆ. ಕಾಗೆಗಳು ಮರ ಬಿಟ್ಟು ಹಾರಿಹೋದವು.

ಬುಚೋ ದಂಗಾಗಿ ನೋಡುತ್ತಿದ್ದರು. ಆಮೇಲೆ, "ಹಗುರಾಯ್ತಾ?" ಅಂದರು.

"ಸ್ವಲ್ಪ."

"ನನಗೂ ಒಂದು ಹೇಳಿಕೊಡ್ತೀರಾ? ಚಿಕ್ಕದು ಸಾಕು."

ಮೂವತ್ತು ವರ್ಷ ಸರ್ವೀಸಿನಲ್ಲಿ ಅವರು ಯಾರಿಗೂ ಒಂದು ಬಿರುಸು ಮಾತು ಆಡಿಲ್ಲವಂತೆ. "ನಿನ್ ಮನೆ ಹಾಳಾಗ" ಹೇಳಿಕೊಟ್ಟೆ. ಮನಸ್ಸಿನಲ್ಲಿ ಯಾರನ್ನು ನೆನೆಸಿಕೊಂಡರೋ ದೇವರೇ ಬಲ್ಲ. ಎದೆ ಉಬ್ಬಿಸಿ, ಟೋಕಿಯೋದ ಹೆಡ್ಡಾಫೀಸು ಇರುವ ದಿಕ್ಕಿಗೆ ತಿರುಗಿ, "ನಿನ್ ಮನೇ ಹಾಳಾಗಾ!" ಅಂತ ಕಿರುಚಿದರು. ಉಚ್ಚಾರಣೆ ಬಹಳ ಚೆನ್ನಾಗಿತ್ತು.

ಆಮೇಲೆ ಅದೇ ದಿಕ್ಕಿಗೆ ಸೊಂಟ ಬಗ್ಗಿಸಿ, "ಸುಮಿಮಾಸೆನ್" ಅಂದರು.

ಏಳನೇ ಮಹಡಿ

ಒಂದೂವರೆ ವರ್ಷದ ಮೇಲೆ ಇಬ್ಬರೂ ಬಂದಿಳಿದರು. ಬಂದವರನ್ನು ಮನೆಗೆ ಬಿಡಲಿಲ್ಲ, ಏರ್‌ಪೋರ್ಟ್ ಹತ್ತಿರದ ಹೋಟೆಲಿನಲ್ಲಿ ಕ್ವಾರಂಟೈನು. ಭೇಟಿ ಇಲ್ಲ, ಬೇಕಾದರೆ ಕಿಟಕಿಯಿಂದ ನೋಡಿಕೊಳ್ಳಿ ಅಂತ. ಬೆಳಗ್ಗೆಯೇ ಸೈಕಲ್ ಹತ್ತಿ, ಹೊಳೆ ದಂಡೆಯ ಜಲ್ಲಿ ದಾರಿ, ಗದ್ದೆ ಬದಿಯ ಮಣ್ಣು ದಾರಿ ಹಿಡಿದು, ಬೆನ್ನಿನ ಚೀಲದಲ್ಲಿ ಮಗಳಿಗೆ ಗೊಂಬೆ ಹಾಕಿಕೊಂಡು ತುಳಿದೆ ತುಳಿದೆ.

ಹೋಟೆಲಿನ ಹಿಂದೆ ನಿಂತು ಏಳನೇ ಮಹಡಿಗೆ ಕೈ ಬೀಸಿದೆ. ಅಲ್ಲಿಂದಲೂ ಯಾರೋ ಕೈ ಬೀಸಿದರು. ನಾನು ಕುಣಿದೆ. ಅಲ್ಲೂ ಕುಣಿತ. ಮುತ್ತು ಹಾರಿಸಿದೆ. ಅಲ್ಲಿಂದಲೂ ಮುತ್ತು ಬಂತು. ಹೆಂಡತಿ ಫೋನ್ ಮಾಡಿ, "ಎಲ್ಲಿದ್ದೀರಿ? ನಮ್ಮ ಕಿಟಕಿ ಇರೋದು ಕಾರ್ ಪಾರ್ಕಿಂಗ್ ಕಡೆ" ಅಂದಳು. ಕಣ್ಣು ಕಿರಿದು ಮಾಡಿ ನೋಡಿದರೆ, ಬನಿಯನ್ ಹಾಕಿದ ಯಾರೋ ಬೋಳುತಲೆಯ ಯಜಮಾನರು.

ಪಾರ್ಕಿಂಗ್ ಕಡೆ ಓಡಿ ಬಂದೆ. ಅಗೋ! ಗಾಜಿಗೆ ಮೂಗು ಒತ್ತಿಕೊಂಡು ನನ್ನ ಮಗಳು. ಎಷ್ಟು ಉದ್ದ ಆಗಿದ್ದಾಳೆ! ಸ್ಪೀಕರ್ ಹಾಕಿದ್ದ ಫೋನಿನಲ್ಲಿ, "ಪುಟ್ಟೀ..." ಅಂತ ಮೆಲ್ಲಗೆ ಕರೆದೆ.

ಹೆಲ್ಮೆಟ್ಟು, ಮಾಸ್ಕು, ಬೆನ್ನಿಗೆ ಚೀಲ, ಸೈಕಲ್ಲು ನೋಡಿ ಅವಳು ಹೇಳಿದಳು, ಅದೂ ಮೈಸೂರಿನ ಅಚ್ಚ ಕನ್ನಡದಲ್ಲಿ: "ಅಮ್ಮಾ, ಊಟ ಡೆಲಿವರಿ ಅಂಕಲ್ ಬಂದವ್ರೆ."

"ಅಪ್ಪ ಕಣೇ ಅದು!" ಅಂದಳು ಹೆಂಡತಿ.

"ಅಲ್ಲ. ಅಪ್ಪ ಹಿಂಗೆ ಮೆತ್ತಗೆ ಮಾತಾಡಲ್ಲ."

ಮುಖ ತೋರಿಸೋಣ ಅಂತ ಹೆಲ್ಮೆಟ್ ತೆಗೆದು, ಮಾಸ್ಕ್ ಕೆಳಗೆ ಎಳೆದೆ. ಎಲ್ಲಿದ್ದನೋ ಸೆಕ್ಯೂರಿಟಿಯವನು ಓಡಿ ಬಂದು ನನ್ನ ಎದುರಿಗೆ ನಿಂತ. "ಸುಮಿಮಾಸೆನ್, ಮಾಸ್ಕ್ ಹಾಕ್ಕೊಳ್ಳಿ. ಸುಮಿಮಾಸೆನ್, ಇಲ್ಲಿ ನಿಲ್ಲೋ ಹಾಗಿಲ್ಲ."

ಅಷ್ಟೇ. ತಲೆ ಕೆಟ್ಟುಹೋಯಿತು. "ಅಯ್ಯೋ ನಿನ್ನ ಸುಮಿಮಾಸೆನ್ನಿಗಿಷ್ಟು ಬೆಂಕಿ ಹಾಕ! ಒಂದೂವರೆ ವರ್ಷ ಆಯ್ತು ಕಣಯ್ಯಾ ನನ್ನ ಮಗು ಮುಖ ನೋಡಿ! ಅವಳು ನನ್ನನ್ನ ಊಟ ತರೋನು ಅಂತಾಳೆ, ನೀನು ಮಾಸ್ಕು ಅಂತೀಯಾ? ನಿಂಗೇನು ಮಕ್ಕಳು ಮರಿ ಇಲ್ವೇನೋ?" ಅಂತ ಕನ್ನಡದಲ್ಲೇ ಕೂಗಾಡಿದೆ. ಅವನು ಬಗ್ಗಿದ. ನಾನು ಇನ್ನೂ ಜೋರು ಮಾಡಿದೆ.

ಫೋನಿನಲ್ಲಿ ಕಿರುಚಿದ್ದು ಕೇಳಿಸಿತು: "ಅಪ್ಪಾ! ಅಮ್ಮಾ, ಅಪ್ಪಾನೇ! ಬೈತಾ ಅವ್ರೆ!" ಮೇಲೆ ನೋಡಿದರೆ ಮಗಳು ಕಿಟಕಿಗೆ ಎರಡೂ ಕೈ ಬಡಿಯುತ್ತ ಕುಣಿಯುತ್ತಿದ್ದಳು.

ನಾನು ಬಾಯಿ ಮುಚ್ಚಿ ನೋಡುತ್ತ ನಿಂತುಬಿಟ್ಟೆ. ಅಳುತ್ತಲೋ ನಗುತ್ತಲೋ ಹೆಂಡತಿ ಅಂದಳು: "ಯಾಕ್ರೀ ನಿಲ್ಲಿಸಿದ್ರಿ? ಇನ್ನೊಂಚೂರು ಬೈರಿ, ಮಗು ಕೇಳ್ಲಿ."